ಬಾಗಿಲಿಗೆ ಅಂಟಿಸಿದ ಕರೆ

"ಗುರುಗಳೇ, ಸಹಾಯದ ಬಾಗಿಲನ್ನು ತೆರೆದೇ ಇಟ್ಟಿದ್ದೇನೆ. ಬೇಕಾದವರೇ ಬರುವುದಿಲ್ಲ. ಬಾರದವರಿಗಾಗಿ ನಾನು ಇನ್ನೇನು ಮಾಡಬೇಕು?"

ಕೇಳಿದವಳು ಮಂದಾಕಿನಿ. ವಿಶ್ವವಿದ್ಯಾಲಯದ ಕಾನೂನು ಶಾಲೆಯಲ್ಲಿ ಹೊಸದಾಗಿ ಪಾಠ ಹೇಳುತ್ತಿದ್ದಳು. ಬೇರೆ ಬೇರೆ ಊರು, ಮನೆತನ, ಭಾಷೆಗಳಿಂದ ಬಂದ ಮಕ್ಕಳಲ್ಲಿ ಹಿಂದೆ ಬಿದ್ದವರನ್ನು ಕೈಹಿಡಿದು ನಡೆಸುವ ಹೊಣೆ ಅವಳದಾಗಿತ್ತು. ಕೇಳಿಸಿಕೊಂಡವರು ಪುಟ್ಟಸ್ವಾಮಯ್ಯನವರು. ಅವಳಿಗೆ ಕಾನೂನು ಕಲಿಸಿದವರು, ಈಗ ನಿವೃತ್ತರು. ಕೇಳಿದ ಪ್ರಶ್ನೆಗೆ ನೇರವಾಗಿ ಉತ್ತರ ಕೊಟ್ಟ ಪಾಪವನ್ನು ಅವರು ಎಂದೂ ಕಟ್ಟಿಕೊಂಡವರಲ್ಲ.

"ಇನ್ನೇನು ಮಾಡಬೇಕು ಎನ್ನುವವರು ಮಾಡುವುದನ್ನೆಲ್ಲ ಮಾಡಿ ಕೈತೊಳೆದುಕೊಂಡಿರುತ್ತಾರೆ," ಎಂದರು ಗುರುಗಳು. "ಕೂತುಕೋ ತಾಯಿ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ. ಆ ಚಟ ನಿನಗೆ ಮೊದಲಿನಿಂದಲೂ ಇದೆ."

ಮಂದಾಕಿನಿ ಕೂತಳು. ಗುರುಗಳು ಹೇಳಿದ ಕತೆ ಇದು.

ಒಂದು ಕಾನೂನು ಶಾಲೆಯಲ್ಲಿ ಒಬ್ಬ ಮೇಷ್ಟ್ರಿದ್ದರು. ದಾವೆ ಹೂಡುವುದು ಹೇಗೆ, ಸಮನ್ಸ್ ಜಾರಿ ಮಾಡುವುದು ಹೇಗೆ, ಗಡುವು ಎಣಿಸುವುದು ಹೇಗೆ, ಇವೆಲ್ಲ ಅವರ ಪಾಠದ ವಿಷಯ. ಕಲಮುಗಳೆಲ್ಲ ನಾಲಿಗೆಯ ತುದಿಯಲ್ಲೇ ಇದ್ದವು. ಒಳ್ಳೆಯ ಮನುಷ್ಯ. ಯಾರಿಗೂ ಕೆಟ್ಟದ್ದು ಬಯಸಿದವರಲ್ಲ. ಆದರೆ ಒಂದು ಗುಣವಿತ್ತು. ನಿಯಮದ ಪ್ರಕಾರ ಕೆಲಸ ನಡೆಯಿತೆಂದರೆ ಕೆಲಸವೇ ಮುಗಿಯಿತೆಂದು ನಂಬಿಬಿಡುತ್ತಿದ್ದರು. ಕಾನೂನು ಓದಿದ ನಮಗೆಲ್ಲ ಅಂಟಿಕೊಳ್ಳುವ ಜಾಡ್ಯ ಅದು. ನಗಬೇಡ, ನಿನಗೂ ಇದೆ.

ಅವರಿಗೆ ಬಲು ಇಷ್ಟವಾದ ಪಾಠ ಒಂದಿತ್ತು. ಪ್ರತಿವಾದಿ ಕೈಗೆ ಸಿಗದಿದ್ದರೆ ಕೋರ್ಟಿನ ಅಮೀನ ಅವನ ಮನೆಯ ಬಾಗಿಲಿಗೆ ನೋಟಿಸು ಅಂಟಿಸಿ ಬರುತ್ತಾನೆ. ಅಂಟಿಸಿದ ಮೇಲೆ ಅವನಿಗೆ ವಿಷಯ ತಿಳಿಯಿತೆಂದೇ ಲೆಕ್ಕ. ಓದಿದನೋ ಬಿಟ್ಟನೋ ಕೇಳುವಂತಿಲ್ಲ. ಆಮೇಲೂ ಅವನು ಕೋರ್ಟಿಗೆ ಬಾರದಿದ್ದರೆ ಅವನಿಲ್ಲದೆಯೇ ತೀರ್ಪಾಗುತ್ತದೆ. ಇದನ್ನು ಹೇಳುವಾಗ ಮೇಷ್ಟ್ರ ದನಿಗೆ ಒಂದು ಕಳೆ ಬರುತ್ತಿತ್ತು.

ಆ ಶಾಲೆಗೆ ನಾನಾ ಕಡೆಯ ಮಕ್ಕಳು ಬರುತ್ತಿದ್ದರು. ತಲೆಮಾರುಗಳಿಂದ ಕರಿಕೋಟು ಹಾಕಿಕೊಂಡು ಬಂದ ಮನೆಯವರಿದ್ದರು. ಅವರಿಗೆ ಅಫಿಡವಿಟ್ಟು, ಅಪೀಲು, ತಡೆಯಾಜ್ಞೆ ಎಂಬ ಮಾತುಗಳು ಊಟಕ್ಕೆ ಕೂತಲ್ಲೇ ಕಿವಿಗೆ ಬಿದ್ದಿದ್ದವು. ಅವರ ಪಕ್ಕದಲ್ಲೇ, ತಮ್ಮ ಮನೆಯಲ್ಲಿ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದವರೂ ಕೂರುತ್ತಿದ್ದರು. ಬೆಂಚು ಒಂದೇ, ಪಾಠ ಒಂದೇ, ಪರೀಕ್ಷೆ ಒಂದೇ. ಸಮಾನತೆ ಎಂದರೆ ಇದೇ ಎಂದು ಮೇಷ್ಟ್ರು ತಿಳಿದಿದ್ದರು.

ಹೀಗೆ ಬಂದವರಲ್ಲಿ ಹುಲಿಗೆಮ್ಮ ಎಂಬ ಹುಡುಗಿ ಒಬ್ಬಳು. ಕೊಪ್ಪಳದ ಕಡೆಯವಳು. ತಾಯಿ ಕೌದಿ ಹೊಲಿಯುವಾಕೆ, ಎಂದರೆ ಹಳೆಯ ಸೀರೆ ಬಟ್ಟೆಗಳ ತುಂಡು ಜೋಡಿಸಿ ಜನರಿಗೆ ಹೊದಿಕೆ ಮಾಡಿಕೊಡುವುದು ಅವಳ ಕಸುಬು. ಸೇರುವ ದಿನ ಸಂದರ್ಶನಕ್ಕೆ ಕೂತಿದ್ದವರು ಇದೇ ಮೇಷ್ಟ್ರು. "ಬೇರೆ ಓದು ಬಿಟ್ಟು ಕಾನೂನೇ ಏಕಮ್ಮ?" ಎಂದು ಕೇಳಿದರು.

"ನಮ್ಮ ಓಣಿಯವ್ರ ಮನಿ ಜಾಗದ ಕೇಸ್ ಇತ್ರಿ ಸಾರ್," ಎಂದಳು ಹುಲಿಗೆಮ್ಮ. "ತೀರ್ಪಿನ ದಿವ್ಸ ಎಲ್ಲಾರೂ ಕೋರ್ಟಿಗೆ ಹೋಗಿದ್ವಿ. ಸಾಹೇಬ್ರು ಇಂಗ್ಲಿಷಿನ್ಯಾಗ ಏನೋ ಓದಿದ್ರು. ಎಲ್ಲಾರೂ ಎದ್ದು ಹೊರಗ ಬಂದ್ರು. ನಮ್ಮವ್ವ ಬಾಗಲದಾಗ ನಿಂತಿದ್ದ ಜವಾನನ್ನ ಕೇಳಿದ್ಲು, 'ಯಪ್ಪಾ, ನಾವು ಗೆದ್ವೋ ಸೋತ್ವೋ' ಅಂತ. ಒಳಗಿನ ಮಾತು ತಿಳಿಯೋರು ನಮ್ಮೊಳಗ ಒಬ್ರಾದ್ರೂ ಇರ್ಬೇಕು ಅಂತ ಅವತ್ತ ಅನಿಸ್ತ್ರಿ."

"ಗೆದ್ದಿದ್ದಿರೋ, ಸೋತಿದ್ದಿರೋ?"

"ಗೆದ್ದಿದ್ವಿರಿ. ಆದ್ರ ಅದು ತಿಳಿಯೂದ್ರಾಗ ನಮ್ಮವ್ವ ಅತ್ತು ಮುಗಿಸಿದ್ಲು."

ಮೇಷ್ಟ್ರಿಗೆ ಈ ಹುಡುಗಿ ಮನಸ್ಸಿಗೆ ಬಂದಳು. ಇಂಥವಳು ವಕೀಲಳಾಗಬೇಕು ಎಂದುಕೊಂಡು ಸೀಟಿಗೆ ಸಹಿ ಹಾಕಿದರು. ಹಾಕಿ, ಮರೆತರು. ಅದೂ ನಿಯಮದ ಪ್ರಕಾರವೇ.

ತರಗತಿ ಶುರುವಾಯಿತು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಹುಲಿಗೆಮ್ಮ ಕಿಟಕಿಯ ಪಕ್ಕ ಕೂತು ಒಂದಕ್ಷರ ಬಿಡದೆ ಕೇಳುತ್ತಿದ್ದಳು. ಕೈಯೆತ್ತಿ ಕೇಳುವವರ ಸದ್ದಿನಲ್ಲಿ ಅವಳ ಬಾಯಿ ತೆರೆಯಲೇ ಇಲ್ಲ. ಮೊದಲ ಪರೀಕ್ಷೆಯಲ್ಲಿ ಅವಳು ಬಹುಪಾಲು ವಿಷಯಗಳಲ್ಲಿ ಬಿದ್ದಳು. ಮುಂದಿನದರಲ್ಲೂ ಹಾಗೆಯೇ ಆದರೆ ವರ್ಷ ಕೈಬಿಟ್ಟು ಹೋಗುತ್ತಿತ್ತು, ಹಾಸ್ಟೆಲ್ಲೂ ಹೋಗುತ್ತಿತ್ತು. ಅವಳಂತೆ ಬಿದ್ದವರು ಇನ್ನೂ ಕೆಲವರಿದ್ದರು. ಅವರಲ್ಲಿ ಬಹುತೇಕರು ಮನೆಗೆ ಮೊದಲಿಗರಾಗಿ ಕಾಲೇಜಿಗೆ ಬಂದವರೇ.

ವಿಶ್ವವಿದ್ಯಾಲಯದವರು ಕಣ್ಣು ಬಿಟ್ಟರು. ಹಿಂದೆ ಬಿದ್ದವರಿಗೆ ನೆರವಾಗಲು ಒಂದು ಕೊಠಡಿ ಮಾಡಿ ಎಂದರು. ಅದನ್ನು ಮೇಷ್ಟ್ರಿಗೇ ವಹಿಸಿದರು. ಮೇಷ್ಟ್ರು ಸುಮ್ಮನೆ ಕೂರುವವರೇ? ಮೇಜು ಕುರ್ಚಿ ಹಾಕಿಸಿದರು. ಪುಸ್ತಕ ತರಿಸಿದರು. ಸಂಜೆ ಹೊತ್ತಿಗೆ ಚಹಾ, ಮಂಡಕ್ಕಿ ಬರುವಂತೆ ಕ್ಯಾಂಟೀನಿಗೆ ಹೇಳಿದರು. ಮೇಲಿನ ತರಗತಿಯ ಜಾಣ ಮಕ್ಕಳನ್ನು ಹೇಳಿಕೊಡಲು ಒಪ್ಪಿಸಿದರು. ಕೊನೆಗೆ ಬಾಗಿಲಿಗೆ ನೋಟಿಸು ಅಂಟಿಸಿದರು. "ಓದಿನಲ್ಲಿ ಕಷ್ಟವಿರುವ ವಿದ್ಯಾರ್ಥಿಗಳು ಸಂಜೆ ಇಲ್ಲಿಗೆ ಬಂದು ಸಹಾಯ ಪಡೆಯಬಹುದು." ಇಂಗ್ಲಿಷಿನಲ್ಲಿ ಒಂದು, ಕನ್ನಡದಲ್ಲಿ ಒಂದು. ಕೆಳಗೆ ಸಹಿ, ಮೊಹರು.

ಕೊಠಡಿ ತುಂಬಿತು. ಬಂದವರು ಯಾರು ಎನ್ನುತ್ತೀಯ? ವಕೀಲರ ಮಗ ಬಂದ, ನ್ಯಾಯಾಧೀಶರ ಮೊಮ್ಮಗಳು ಬಂದಳು, ಮೊದಲ ದರ್ಜೆಯಲ್ಲಿ ಪಾಸಾದವರೆಲ್ಲ ಬಂದರು. ಅಣಕು ನ್ಯಾಯಾಲಯದಲ್ಲಿ ವಾದ ಮಾಡುವುದಕ್ಕೆ ಇನ್ನಷ್ಟು ಮೊನೆ ಬೇಕಿತ್ತು ಅವರಿಗೆ. ಮಂಡಕ್ಕಿ ಮುಕ್ಕುತ್ತ, ಜೋರಾಗಿ ಚರ್ಚಿಸುತ್ತ, ನಗುತ್ತ ಕೂರುತ್ತಿದ್ದರು. ತಪ್ಪೇನಿಲ್ಲ, ಮಕ್ಕಳೇ ತಾನೆ. ಆದರೆ ಬಿದ್ದವರಲ್ಲಿ ಒಬ್ಬರೂ ಇತ್ತ ತಲೆಹಾಕಲಿಲ್ಲ.

ಹುಲಿಗೆಮ್ಮ ಸಂಜೆ ಅದೇ ಮೊಗಸಾಲೆಯಲ್ಲಿ ಹಾದುಹೋಗುತ್ತಿದ್ದಳು. ಮೇಷ್ಟ್ರು ಒಳಗಿನಿಂದಲೇ ನೋಡುತ್ತಿದ್ದರು. ಬಾಗಿಲ ಹತ್ತಿರ ಅವಳ ನಡಿಗೆ ನಿಧಾನವಾಗುತ್ತಿತ್ತು. ಒಳಗೆ ನಗೆ ಏಳುತ್ತಿತ್ತು. ಅವಳು ಪುಸ್ತಕಗಳನ್ನು ಎದೆಗೆ ಒತ್ತಿಕೊಂಡು ಸರಸರನೆ ಹೋಗಿಬಿಡುತ್ತಿದ್ದಳು.

'ಎಷ್ಟು ಬಿಂಕ ನೋಡು!' ಎಂದುಕೊಂಡರು ಮೇಷ್ಟ್ರು. 'ಕಣ್ಣೆದುರಿಗೆ ಇಷ್ಟು ದೊಡ್ಡದಾಗಿ ಅಂಟಿಸಿದ್ದೇನೆ. ಬಾ ಎನ್ನುವುದಕ್ಕೆ ಇನ್ನೇನು ತೇರು ಕಟ್ಟಿಸಲೇ?' ಒಳಗೊಳಗೆ ಅವರಿಗೆ ನೋವೂ ಆಗಿತ್ತು. ಇಷ್ಟಪಟ್ಟು ಬಡಿಸಿದ್ದನ್ನು ಮುಟ್ಟದೆ ಎದ್ದುಹೋದರೆ ಯಾರಿಗಾದರೂ ಆಗುತ್ತದೆ. ಆ ನೋವೇ ದಿನ ಕಳೆದಂತೆ ಸಿಟ್ಟಾಯಿತು.

ಹೀಗಿರುವಾಗ ಒಂದು ಮಧ್ಯಾಹ್ನ ಪ್ರಾಂಶುಪಾಲರು ಮೇಷ್ಟ್ರನ್ನು ಕರೆಸಿದರು. ಹುಲಿಗೆಮ್ಮ ಓದು ಬಿಡುತ್ತೇನೆಂದು ಬರೆದುಕೊಟ್ಟಿದ್ದಳು. ಟಿ.ಸಿ. ಕೇಳಿದ್ದಳು. ನೆರವಿನ ಕೊಠಡಿಯವರ ಒಂದು ಸಹಿ ಬೇಕಾಗಿತ್ತು. ಕಾಗದದಲ್ಲಿ ಗುಮಾಸ್ತರು ಮೊದಲೇ ಟೈಪು ಮಾಡಿಟ್ಟಿದ್ದರು: "ವಿದ್ಯಾರ್ಥಿನಿಗೆ ಸಹಾಯ ನೀಡಲಾಯಿತು. ಆಕೆ ಬಳಸಿಕೊಳ್ಳಲಿಲ್ಲ."

"ನಾಳೆ ಮಧ್ಯಾಹ್ನದೊಳಗೆ ಕೊಟ್ಟುಬಿಡಿ," ಎಂದರು ಪ್ರಾಂಶುಪಾಲರು. "ಹುಡುಗಿ ಸಂಜೆಯ ಬಸ್ಸಿಗೆ ಊರಿಗೆ ಹೋಗುತ್ತಾಳಂತೆ."

ಮೇಷ್ಟ್ರಿಗೆ ಸಂದರ್ಶನದ ದಿನ ಅವಳು ಆಡಿದ ಮಾತು ನೆನಪಾಯಿತು. ಆದರೂ ಸಿಟ್ಟು ಇನ್ನೂ ಇಳಿದಿರಲಿಲ್ಲ. ನಾನೇನು ಕಡಿಮೆ ಮಾಡಿದ್ದೆ, ಅವಳ ಹಣೆಬರಹ, ಎಂದು ಗೊಣಗುತ್ತ ಕಾಗದವನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದರು.

ಮನೆಯಲ್ಲಿ ಬೇರೆಯೇ ಮಾತು ಕಾದಿತ್ತು. ಅವರ ಚಿಕ್ಕಪ್ಪನ ಮಗನ ಮನೆಯಲ್ಲಿ ಮದುವೆ. ಮೇಷ್ಟ್ರ ಹೆಂಡತಿ ಜಲಜಾಕ್ಷಮ್ಮ ಆಗಲೇ ಸೀರೆ ತೆಗೆದು ಮಂಚದ ಮೇಲೆ ಹರಡಿದ್ದರು.

"ರೀ, ನಾಡಿದ್ದು ಮದುವೆಗೆ ಎಷ್ಟು ಹೊತ್ತಿಗೆ ಹೊರಡೋಣ?"

"ಯಾವ ಮದುವೆ? ನಾನು ಬರುವುದಿಲ್ಲ."

"ಅಯ್ಯೋ, ಯಾಕೆ?"

"ಕರೆದಿದ್ದಾನೆಯೇ ಅವನು?"

"ಪತ್ರಿಕೆ ಕಳಿಸಿದ್ದಾನಲ್ಲರೀ. ಫೋನಿನಲ್ಲಿ ನೀವೇ ತೋರಿಸಿದಿರಿ."

"ಫೋನಿಗೆ ಬಂದರೆ ಕರೆದಂತಾಯಿತೇ?" ಮೇಷ್ಟ್ರ ಗಂಟಲು ಏರಿತು. "ಗುಂಪಿಗೆ ಹಾಕಿದ್ದಾನೆ. ನೆಂಟರು, ಇಷ್ಟರು, ಹಾಲಿನವರು, ಪೇಪರಿನವರು ಎಲ್ಲರೂ ಇರುವ ಗುಂಪು ಅದು. ಎಲ್ಲರಿಗೂ ಹಾಕಿದ್ದು ಯಾರಿಗೂ ಹಾಕಿದ್ದಲ್ಲ. ಒಂದು ಹೆಜ್ಜೆ ಮನೆಗೆ ಬಂದು, ಕುಂಕುಮ ಕೊಟ್ಟು, ಅಣ್ಣಾ ನೀನು ಬರಬೇಕು ಎಂದು ಬಾಯಿಬಿಟ್ಟು ಕರೆಯಲು ಅವನಿಗೇನು ಕಷ್ಟ? ಹಾಗೆ ಕರೆಯದವನ ಮನೆಗೆ ನಾನಾಗಿ ಹೋಗಿ, ಎಲೆಯ ಮುಂದೆ ಕೂತು, ಊಟಕ್ಕಾಗಿ ಬಂದವನು ಎನ್ನಿಸಿಕೊಳ್ಳಲೇ? ಅಷ್ಟು ಮಾನಗೆಟ್ಟಿಲ್ಲ ನಾನು!"

"ಬರಬೇಡಿ ಅಂತ ಅವನೇನೂ ಬಾಗಿಲು ಹಾಕಿಕೊಂಡಿಲ್ಲವಲ್ಲ," ಎಂದರು ಜಲಜಾಕ್ಷಮ್ಮ. "ಛತ್ರದ ಬಾಗಿಲು ತೆರೆದೇ ಇರುತ್ತೆ. ನಿಮಗೇ ಬಿಗುಮಾನ."

ಮೇಷ್ಟ್ರು ಉತ್ತರ ಕೊಡಲು ಬಾಯಿ ತೆರೆದರು. ಹಾಗೇ ಮಂಚದ ಅಂಚಿನಲ್ಲಿ ಕೂತುಬಿಟ್ಟರು. ಬಾಗಿಲ ಬಳಿ ನಿಧಾನಿಸಿ ಸರಸರನೆ ಹೋಗುತ್ತಿದ್ದ ಹುಡುಗಿ ಅವರ ಕಣ್ಣಮುಂದೆ ಬಂದಳು. ತಮ್ಮ ನೋಟಿಸೂ ಕಣ್ಣಮುಂದೆ ಬಂತು. ಸಹಿ, ಮೊಹರು ಸಮೇತ.

"ಏನಾಯಿತು? ಯಾಕೆ ಹೀಗೆ ಕೂತಿರಿ?" ಎಂದು ಜಲಜಾಕ್ಷಮ್ಮ ಗಾಬರಿಯಾದರು.

"ಏನಿಲ್ಲ ಮಾರಾಯ್ತಿ," ಎಂದರು ಮೇಷ್ಟ್ರು. "ನನ್ನ ಪಾಠ ನನಗೇ ಬಂದಿಲ್ಲ."

ನಿಜಕ್ಕೂ ಅವರು ಪಾಠದ ಬಾಲವನ್ನು ಹಿಡಿದು ತಲೆಯನ್ನು ಬಿಟ್ಟಿದ್ದರು. ಬಾಗಿಲಿಗೆ ಅಂಟಿಸುವುದು ಕಟ್ಟಕಡೆಯ ದಾರಿ. ಅದಕ್ಕೂ ಮೊದಲು ಅಮೀನ ಆ ಮನುಷ್ಯನನ್ನು ಹುಡುಕಿಕೊಂಡು ಹೋಗಬೇಕು, ಇವನೇ ಅವನೆಂದು ಖಾತ್ರಿ ಮಾಡಿಕೊಳ್ಳಬೇಕು, ಕೈಗೆ ಕೊಡಬೇಕು. ಹುಡುಕಿದೆ, ಸಿಗಲಿಲ್ಲ ಎಂದು ಪ್ರಮಾಣ ಮಾಡಿ ಹೇಳಿದ ಮೇಲಷ್ಟೇ ಬಾಗಿಲಿನ ಮಾತು. ಇವರು ಎದ್ದವರೇ ಬಾಗಿಲಿಗೆ ಅಂಟಿಸಿ ಕೂತಿದ್ದರು. ಹುಡುಕುವ ಮಾತು ಹಾಗಿರಲಿ, ಕಣ್ಣೆದುರಿಗೆ ನಡೆದುಹೋಗುತ್ತಿದ್ದವಳನ್ನು ಒಮ್ಮೆ ಹೆಸರು ಹಿಡಿದು ಕೂಗಿರಲಿಲ್ಲ. ಕೋರ್ಟಿನಲ್ಲಾಗಿದ್ದರೆ ಇಂಥ ಜಾರಿಯನ್ನು ಅವರೇ ಎದ್ದು ನಿಂತು ಹೊಡೆದುಹಾಕಿಸುತ್ತಿದ್ದರು. ಆ ರಾತ್ರಿ ಅವರು ಟಿ.ಸಿ. ಕಾಗದದ ಜೊತೆ ಲಗತ್ತಿಸಿದ್ದ ಅವಳ ಉತ್ತರ ಪತ್ರಿಕೆಯನ್ನು ತೆಗೆದು ಕೊನೆಯ ಪುಟದವರೆಗೂ ಓದಿದರು.

ಬೆಳಿಗ್ಗೆ ಮೇಷ್ಟ್ರು ಕಾಲೇಜಿಗೆ ಹೋಗಲಿಲ್ಲ. ನೆಟ್ಟಗೆ ಹೆಣ್ಣುಮಕ್ಕಳ ಹಾಸ್ಟೆಲಿಗೆ ಹೋದರು. ಗಂಡಸರಿಗೆ ಗೇಟಿನಿಂದ ಒಳಗೆ ಪ್ರವೇಶವಿಲ್ಲ. ವಾರ್ಡನ್ ಹೊರಗೆ ಬಂದರು.

"ಏನು ವಿಷಯ ಹೇಳಿ ಸಾರ್, ನಾನು ಹುಡುಗಿಗೆ ತಿಳಿಸಿಬಿಡುತ್ತೇನೆ."

"ಬೇಡಮ್ಮ. ನಾನೇ ಹೇಳಬೇಕು."

"ಒಂದು ಚೀಟಿ ಬರೆದುಕೊಡಿ ಹಾಗಾದರೆ."

"ಚೀಟಿಯ ಸಹವಾಸ ಸಾಕಾಗಿದೆ ತಾಯಿ," ಎಂದು ಮೇಷ್ಟ್ರು ಕೈಮುಗಿದರು. ಗೇಟಿನ ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಕೂತುಬಿಟ್ಟರು. ಹಾಸ್ಟೆಲಿನ ಕಿಟಕಿಗಳಲ್ಲಿ ತಲೆಗಳು ಕಾಣಿಸಿಕೊಂಡವು. ಕಿಸಿಕಿಸಿ ನಗೆಯೂ ಕೇಳಿಸಿತು. ಮೇಷ್ಟ್ರಿಗೆ ನಾಚಿಕೆಯಾಯಿತು, ಆದರೆ ಏಳಲಿಲ್ಲ. ಅವಳು ಬರುತ್ತಾಳೋ ಇಲ್ಲವೋ ಎಂಬ ಭಯ ನಾಚಿಕೆಗಿಂತ ದೊಡ್ಡದಾಗಿತ್ತು.

ಹುಲಿಗೆಮ್ಮ ಬಂದಳು. ಗಂಟು ಕಟ್ಟುತ್ತಿದ್ದವಳು ಹಾಗೇ ಎದ್ದು ಬಂದಿದ್ದಳು. ಮುಖ ಬಿಳಿಚಿಕೊಂಡಿತ್ತು. ಮೇಷ್ಟ್ರು ಬಯ್ಯಲು ಬಂದಿದ್ದಾರೆಂದೇ ಅವಳು ತಿಳಿದಿದ್ದಳು.

"ತಪ್ಪಾತ್ರಿ ಸಾರ್," ಎಂದಳು ಮೊದಲೇ.

"ತಪ್ಪು ನಿನ್ನದಲ್ಲ. ಹುಲಿಗೆಮ್ಮ, ನಾನು ನಿನ್ನನ್ನು ಕರೆಯಲು ಬಂದಿದ್ದೇನೆ. ಸಂಜೆ ಕೊಠಡಿಗೆ ಬಾ. ನಿನ್ನ ಉತ್ತರ ಪತ್ರಿಕೆ ನೋಡಿದ್ದೇನೆ. ನಿನಗೆ ವಿಷಯ ತಿಳಿದಿದೆ, ಅದನ್ನು ಪರೀಕ್ಷೆಗೆ ಬರೆಯುವ ಕ್ರಮ ತಿಳಿದಿಲ್ಲ. ಅದೇನು ಬ್ರಹ್ಮವಿದ್ಯೆಯಲ್ಲ. ಪಕ್ಕದಲ್ಲಿ ಕೂತು ಕಲಿಸುತ್ತೇನೆ."

ಅವಳು ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದಳು. "ನನ್ನನ್ನ ಕರೀತೀರೇನ್ರಿ?"

"ನಿನ್ನನ್ನೇ."

ಹುಲಿಗೆಮ್ಮನ ಕಣ್ಣು ತುಂಬಿತು. ಸೆರಗಿನಲ್ಲಿ ಒರೆಸಿಕೊಂಡು ಒಂದೇ ಉಸಿರಿಗೆ ಹೇಳಿದಳು: "ದಿನಾ ಬಾಗಲ ತನಕಾ ಬರ್ತಿದ್ನಿರಿ ಸಾರ್. ಒಳಗ ಎಲ್ಲಾ ಶಾಣ್ಯಾರ ಕುಂತಿರ್ತಿದ್ರು. ಬಾಗಲಕ್ಕ ನೋಡಿದ್ರ, ಕಷ್ಟ ಇದ್ದವ್ರು ಬರ್ರಿ ಅಂತ ಬರ್ದಿತ್ತು. ಕಾಲು ಒಳಗ ಇಟ್ರ ನಾ ದಡ್ಡಿ ಅಂತ ನಾನ ಸಾರಿದಂಗ ಆಗ್ತಿತ್ತಲ್ರಿ. ಕರೀಲಾರ್ದ ಹೆಂಗ ಬರ್ಲಿ?"

ಮೇಷ್ಟ್ರು ತಲೆ ತಗ್ಗಿಸಿದರು. ತಾವು ಬಾಗಿಲಿಗೆ ಅಂಟಿಸಿದ್ದು ಕರೆಯಲ್ಲ, ಅವಳ ಹಣೆಗೆ ಅಂಟುವ ಒಂದು ಹೆಸರು ಎಂದು ಆಗ ತಿಳಿಯಿತು.

"ಗಂಟು ಬಿಚ್ಚು," ಎಂದರು. "ಸಂಜೆ ಬಾ."

"ಬರ್ತೀನ್ರಿ," ಎಂದಳು ಹುಲಿಗೆಮ್ಮ. ಅಳುತ್ತಲೇ ನಕ್ಕಳು.

ಅಬ್ಬಾ! ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಪ್ರಾಂಶುಪಾಲರ ಬಳಿಗೆ ಹೋಗಿ, ಟೈಪು ಮಾಡಿದ್ದ ಸಾಲನ್ನು ಹೊಡೆದುಹಾಕಿ, "ಸಹಾಯ ಇನ್ನು ಮೇಲೆ ನೀಡಲಾಗುವುದು" ಎಂದು ಕೈಯಾರೆ ಬರೆದು ಮುಂದಿಟ್ಟರು.

"ಏನ್ರೀ ಇದು ಮೇಷ್ಟ್ರೇ?" ಎಂದು ಪ್ರಾಂಶುಪಾಲರು ಹುಬ್ಬೇರಿಸಿದರು.

"ಜಾರಿ ಸರಿಯಾಗಿ ಆಗಿರಲಿಲ್ಲ ಸಾರ್," ಎಂದರು ಮೇಷ್ಟ್ರು.

ಅಲ್ಲಿಂದ ಬಂದವರೇ ನೋಟಿಸನ್ನು ಕಿತ್ತರು. ಕಷ್ಟವಿರುವವರ ಕೊಠಡಿ ಎಂಬ ಮಾತೇ ಬೇಡ ಎಂದರು. ಬಿದ್ದ ಉಳಿದವರನ್ನೂ ಒಬ್ಬೊಬ್ಬರಾಗಿ ಹುಡುಕಿ, ಹೆಸರು ಹಿಡಿದು, ಯಾವುದಕ್ಕಾಗಿ ಕರೆಯುತ್ತಿದ್ದೇನೆಂದು ಹೇಳಿ ಕರೆದರು. ಕರೆಯುತ್ತ ಹೋದಂತೆ ಅವರಿಗೇ ಒಂದೊಂದು ಪಾಠವಾಯಿತು. ಜುಬೇದಾ ಎಂಬ ಹುಡುಗಿಗೆ ಕಣ್ಣು ಕಾಣುತ್ತಿರಲಿಲ್ಲ. "ನೋಟಿಸ್ ಹಾಕಿದ್ದಿರಾ ಸಾರ್? ಎಲ್ಲಿ?" ಎಂದು ಅವಳು ಕೇಳಿದಳು. ಬಾಗಿಲಿಗೆ ಎಂದರು ಮೇಷ್ಟ್ರು. "ಬಾಗಿಲು ನನ್ನ ಹತ್ತಿರ ಮಾತಾಡಲಿಲ್ಲವಲ್ಲ ಸಾರ್," ಎಂದು ಅವಳು ನಕ್ಕಳು. ಮೇಷ್ಟ್ರು ಆಮೇಲೆ ಅವಳಿಗೆ ತೀರ್ಪುಗಳನ್ನು ಓದಿ ಹೇಳಲು ಅದೇ ವಕೀಲರ ಮಗನನ್ನು ಕೂರಿಸಿದರು. ಅವನದು ಒಳ್ಳೆಯ ಗಂಟಲು. ಮಂಡಕ್ಕಿ ತಿನ್ನುವುದನ್ನು ಬಿಟ್ಟು ಬೇರೆ ಕೆಲಸಕ್ಕೂ ಬಂತು.

ಕರಾವಳಿಯ ದಿನಕರ ಖಾರ್ವಿ ಎಂಬ ಹುಡುಗ ಕರೆದ ತಕ್ಷಣ ಬಂದ. ಬಂದು, ಬಾಗಿಲಲ್ಲೇ ನಿಂತು, "ಸಂಜೆ ಮಾತ್ರ ಆಗುವುದಿಲ್ಲ ಸಾರ್, ಹೋಟೆಲಿನಲ್ಲಿ ಸಪ್ಲೈ ಕೆಲಸ ಮಾಡುತ್ತೇನೆ," ಎಂದ. ಮೇಷ್ಟ್ರು ಅವನಿಗಾಗಿ ಬೆಳಿಗ್ಗೆ ತರಗತಿಗೆ ಮೊದಲು ಬಾಗಿಲು ತೆಗೆಸಿದರು. ಅದೇ ಹೊತ್ತಿಗೆ ಇನ್ನೂ ಕೆಲವರು ಬಂದರು. ಅವರಿಗೂ ಸಂಜೆಯ ಕೆಲಸಗಳಿದ್ದವು. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಒಬ್ಬ ಹುಡುಗ ಮಾತ್ರ ಕರೆದರೂ ಬರಲಿಲ್ಲ. ಮೇಷ್ಟ್ರು ಮತ್ತೆ ಹೋಗಿ ಕರೆದರು. ಆಗಲೂ ಬರಲಿಲ್ಲ. ಎಲ್ಲ ಕತೆಯೂ ಸಿಹಿಯಾಗಿ ಮುಗಿಯುವುದಿಲ್ಲ.

ಹುಲಿಗೆಮ್ಮನ ಗೋಳು ಬೇರೆಯೇ ಇತ್ತು. ಪ್ರಶ್ನೆ ಕೊಟ್ಟರೆ ಅವಳು ನಡೆದದ್ದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಕತೆಯಂತೆ ಬರೆಯುತ್ತಿದ್ದಳು. ಅವರ ಕಡೆ ಜಗಳ ಬಗೆಹರಿಸಲು ಕೂತವರು ಹಾಗೆಯೇ ಹೇಳುವುದು. ಎಲ್ಲವನ್ನೂ ಕೇಳಿದ ಮೇಲೆ ಕೊನೆಯಲ್ಲಿ ನ್ಯಾಯದ ಮಾತು. ಪರೀಕ್ಷೆಗೆ ತದ್ವಿರುದ್ಧ. ವಿವಾದ ಏನೆಂದು ಮೊದಲ ಸಾಲಿನಲ್ಲೇ ಹೇಳಬೇಕು, ಆಮೇಲೆ ಕಾನೂನು, ಆಮೇಲೆ ಅದು ಇಲ್ಲಿಗೆ ಹೇಗೆ ಅನ್ವಯಿಸುತ್ತದೆಂಬುದು. ಅವಳ ಸರಿಯಾದ ಉತ್ತರ ಯಾವಾಗಲೂ ಕೊನೆಯ ಪುಟದಲ್ಲಿರುತ್ತಿತ್ತು. ಪರೀಕ್ಷಕರು ಅಲ್ಲಿಯವರೆಗೆ ಓದುತ್ತಲೇ ಇರಲಿಲ್ಲ. ಇಷ್ಟೇ ವಿಷಯ! ಇಷ್ಟಕ್ಕಾಗಿ ಒಂದು ಬದುಕು ಬಸ್ಸು ಹತ್ತಿ ಹೋಗುವುದರಲ್ಲಿತ್ತು.

ಮೇಷ್ಟ್ರು ಕೂತು ತಿದ್ದಿದರು. ಬರೆಸಿದರು, ಹರಿದು ಹಾಕಿಸಿದರು, ಮತ್ತೆ ಬರೆಸಿದರು. ಇಂಗ್ಲಿಷು ಮೊದಮೊದಲು ಮುಗ್ಗರಿಸಿತು, ಆಮೇಲೆ ನಡೆಯಿತು. ತಿಳಿಯದಿದ್ದಾಗ ಹುಲಿಗೆಮ್ಮ ಈಗ ಕೇಳುತ್ತಿದ್ದಳು. ಕೇಳಿ ಕೇಳಿ ಮೇಷ್ಟ್ರ ತಲೆ ತಿನ್ನುತ್ತಿದ್ದಳು ಎಂದರೂ ಸರಿಯೇ. ಮೇಷ್ಟ್ರಿಗೆ ಅದರಲ್ಲಿ ಎಷ್ಟು ಖುಷಿ ಎಂದರೆ, ಮನೆಗೆ ಹೋಗಿ ಹೆಂಡತಿಗೆ ದೂರು ಹೇಳುವಾಗಲೂ ಮುಖ ಅರಳಿರುತ್ತಿತ್ತು.

ಪರೀಕ್ಷೆ ಬಂತು, ಮುಗಿಯಿತು. ಫಲಿತಾಂಶದ ದಿನ ಮೇಷ್ಟ್ರು, ಕಾನೂನು ಓದಿದವರು ದೇವರಿಗೆ ಹರಕೆ ಹೊರಬಹುದೇ ಕೂಡದೇ ಎಂಬ ಜಿಜ್ಞಾಸೆಯಲ್ಲಿ ಸ್ವಲ್ಪ ಹೊತ್ತು ಕಳೆದರು. ಆಮೇಲೆ ಹೊತ್ತುಬಿಟ್ಟರು. ಮಧ್ಯಾಹ್ನ ಹುಲಿಗೆಮ್ಮ ಓಡಿ ಬಂದಳು. ಏದುಸಿರು ಬಿಡುತ್ತಿದ್ದಳು. ಮೇಷ್ಟ್ರೇ ಎದ್ದು ನಿಂತು, "ಹೇಳೇ ತಾಯಿ, ಜೀವ ತಿನ್ನಬೇಡ," ಎಂದರು.

"ಎಲ್ಲಾದ್ರಾಗೂ ಪಾಸ್ ರೀ ಸಾರ್! ಒಂದರಾಗ ಕೂದಲೆಳಿಯಷ್ಟರಾಗ. ಆದ್ರೂ ಪಾಸ್!"

"ಉಸ್ಸಪ್ಪಾ!" 

ಮೇಷ್ಟ್ರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡರು. ಅಷ್ಟು ಹಗುರವಾದ ಉಸಿರನ್ನು ಅವರು ಬಹಳ ಕಾಲದಿಂದ ಬಿಟ್ಟಿರಲಿಲ್ಲ. ಯಾವ ವಿಷಯದಲ್ಲಿ ಕೂದಲೆಳೆ ಎಂದು ಆಮೇಲೆ ಕೇಳಿದರು. ತಮ್ಮದೇ ವಿಷಯ ಎಂದು ತಿಳಿದಾಗ ಇಬ್ಬರೂ ನಕ್ಕರು.

ಗುರುಗಳು ಕತೆ ನಿಲ್ಲಿಸಿದರು.

ಮಂದಾಕಿನಿ ತಾನೇ ಪಾಸಾದವಳಂತೆ ನಿಟ್ಟುಸಿರು ಬಿಟ್ಟಳು. "ಸದ್ಯ, ಹುಡುಗಿ ಉಳಿದಳಲ್ಲ," ಎಂದಳು. ಆಮೇಲೆ ತನ್ನ ಕೊಠಡಿ ನೆನಪಾಗಿ ಅವಳ ಮುಖ ಮತ್ತೆ ಬಿಗಿಯಾಯಿತು. "ಆದರೆ ನಮ್ಮ ಮಕ್ಕಳು ಹಾಗಲ್ಲ ಗುರುಗಳೇ. ಇವರು ಕರೆದರೂ ಬರುವವರಲ್ಲ. ನನಗೆ ಅವರು ಚೆನ್ನಾಗಿ ಗೊತ್ತು."

"ಹೌದೇ?" ಎಂದರು ಗುರುಗಳು. "ಹಾಗಾದರೆ ಅವರಲ್ಲಿ ಒಬ್ಬರ ಹೆಸರು ಹೇಳಮ್ಮ."

ಮಂದಾಕಿನಿ ಹೆಸರು ಹುಡುಕಲು ಚೀಲದಿಂದ ಹಾಜರಿ ಪಟ್ಟಿಯನ್ನು ತೆಗೆದಳು.